ಹೊಸ ರೂಪದ ಸೆಡಾನ್ ಬಗ್ಗೆ ಅಭಿಪ್ರಾಯ ಹೇಳುವ ಮೊದಲು ನೋಡಬೇಕಾದದ್ದು

ಭಾವನವರೋ ನೆರೆಮನೆಯವರೋ ಹೊಸ ರೂಪದ ಹೋಂಡಾ ಸಿಟಿಯನ್ನೋ ಮಾರುತಿ ಡಿಸೈರನ್ನೋ ಕೊಳ್ಳಲು ಹೊರಟು ನಮ್ಮ ಅಭಿಪ್ರಾಯ ಕೇಳಿದಾಗ, "ಮುಂದಿನಿಂದ ಚಂದ ಉಂಟು, ಹಿಂದಿನಿಂದ ಅಷ್ಟಕ್ಕಷ್ಟೆ" ಎಂದು ಹೇಳಿ ಮುಗಿಸುವುದು ನಮ್ಮ ಕರಾವಳಿ ಕಡೆಯ ರೂಢಿ. ಆ ಮಾತು ಸುಳ್ಳಾಗಿರಲಿಕ್ಕಿಲ್ಲ, ಆದರೆ ಅಷ್ಟು ದುಡ್ಡು ಹಾಕುವವರಿಗೆ ಅದರಿಂದ ದಕ್ಕುವುದೇನೂ ಇಲ್ಲ. ಹಿಂದೆ ಬೇರೆಯೇ ಡಿಕ್ಕಿ ಇರುವ, ಮನೆಮಂದಿಯೆಲ್ಲ ಕೂರುವ ಸೆಡಾನ್ ಕಾರಿನ ರೂಪವನ್ನು ತೂಗುವುದಕ್ಕೂ ಒಂದು ಕ್ರಮವಿದೆ. ಆ ಕ್ರಮದಲ್ಲಿ ಮುಖವನ್ನು ಮೊದಲು ನೋಡಬಾರದು, ಏಕೆಂದರೆ ಕಂಪನಿಯವರು ನಮ್ಮ ಕಣ್ಣು ಬೀಳಲೆಂದೇ ಬದಲಾಯಿಸುವ ಭಾಗ ಅದು.

ಮೊದಲಿಗೆ, ಕಾರಿಗೆ ಆಗಿರುವುದು ಬರೀ ಅಲಂಕಾರವೇ ಅಥವಾ ಹೊಸ ತಲೆಮಾರೇ ಎಂಬುದನ್ನು ತಿಳಿದುಕೊಳ್ಳಬೇಕು. ಬಾಗಿಲು, ಮಾಡು (ಚಾವಣಿ), ಗಾಜಿನ ಚೌಕಟ್ಟು ಇವುಗಳ ತಗಡನ್ನು ಒತ್ತುವ ಅಚ್ಚುಗಳಿಗೆ ಭಾರೀ ಖರ್ಚು ತಗಲುವುದರಿಂದ, ನಡುವಯಸ್ಸಿನ ಕಾರನ್ನು ಹೊಸದಾಗಿ ಕಾಣಿಸಬೇಕಾದಾಗ ತಯಾರಕರು ಅವುಗಳನ್ನು ಮುಟ್ಟದೆ ಬಂಪರ್, ಗ್ರಿಲ್, ದೀಪ, ಚಕ್ರ ಮತ್ತು ಬಣ್ಣವನ್ನಷ್ಟೇ ಬದಲಾಯಿಸುತ್ತಾರೆ. ಇದಕ್ಕೆ ಫೇಸ್‌ಲಿಫ್ಟ್ ಎಂದು ಹೆಸರು. ಹೋಂಡಾ ಸಿಟಿಯ ಐದನೆಯ ತಲೆಮಾರು ನಮ್ಮಲ್ಲಿಗೆ ಬಂದದ್ದು 2020ರ ಜುಲೈನಲ್ಲಿ, ಅದರ ಫೇಸ್‌ಲಿಫ್ಟ್ 2023ರ ಮಾರ್ಚ್‌ನಲ್ಲಿ. ಆಗ ಬಂಪರುಗಳು ಬದಲಾಗಿ ಕಾರಿನ ಉದ್ದ 4549 ಮಿಲಿಮೀಟರಿನಿಂದ 4583ಕ್ಕೆ ಏರಿತು, ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2600 ಮಿಲಿಮೀಟರಿನಲ್ಲೇ ಉಳಿಯಿತು. ಹೆಚ್ಚಿದ 34 ಮಿಲಿಮೀಟರ್ ಮೂಗಿಗೂ ಬಾಲಕ್ಕೂ ಹೋಯಿತೇ ಹೊರತು ಒಳಗೆ ಕೂತವರ ಮೊಣಕಾಲಿಗೆ ಬರಲಿಲ್ಲ. ಅದೇ ತಿಂಗಳು ಬಂದ ಹ್ಯುಂಡೈ ವೆರ್ನಾದಲ್ಲಾದರೋ ಚಕ್ರಗಳ ಅಂತರವೇ 2600ರಿಂದ 2670ಕ್ಕೆ ಹೋಗಿತ್ತು. ಅದು ಹೊಸ ತಲೆಮಾರು. ಎರಡನ್ನೂ "ಹೊಸ ಮಾಡೆಲ್" ಎಂದು ಒಂದೇ ಬಾಯಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಕಾರನ್ನು ಶೋರೂಮಿನೊಳಗೆ ನೋಡಿ ತೀರ್ಮಾನಿಸಬೇಡಿ. ಅಲ್ಲಿನ ಬಿಳಿ ದೀಪಗಳು ಎಲ್ಲ ಕಡೆಯಿಂದ ಸಮನಾಗಿ ಬೀಳುವುದರಿಂದ ತಗಡಿನ ಏರಿಳಿತ, ಸಂದುಗಳ ಅಗಲ, ಬಣ್ಣದ ನಿಜವಾದ ಛಾಯೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಸಾಲದ್ದಕ್ಕೆ ಜಾಗ ಕಡಿಮೆಯಾಗಿ ನಾವು ಕಾರಿಗೆ ತೀರ ಹತ್ತಿರ ನಿಂತಿರುತ್ತೇವೆ. ಪರೀಕ್ಷಾ ಸವಾರಿಗೆಂದು ಕೊಟ್ಟ ಕಾರನ್ನು ಸಂಜೆ ನಾಲ್ಕರ ಹೊತ್ತಿಗೆ ಮಂಗಳೂರಿನ ಕದ್ರಿ ಉದ್ಯಾನದ ಬದಿಯಲ್ಲೋ ಪಣಂಬೂರಿನ ಕಡೆಯೋ ಮಣಿಪಾಲದ ಯಾವುದಾದರೂ ಅಗಲವಾದ ರಸ್ತೆಯ ಅಂಚಿನಲ್ಲೋ ನಿಲ್ಲಿಸಿ, ಇಪ್ಪತ್ತು ಹೆಜ್ಜೆ ದೂರ ಸರಿದು ಮಗ್ಗುಲಿನಿಂದ ನೋಡಿ. ಒಂದು ಕೈಯನ್ನು ಕಣ್ಣಿನ ಮುಂದೆ ಹಿಡಿದು ಕಾರಿನ ಮುಂಭಾಗ ಕಾಣದಂತೆ ಮರೆಮಾಡಿ. ಉಳಿದ ಕಾರು ಹಳೆಯದೇ ಎನಿಸಿದರೆ ಅದು ದೋಷವಲ್ಲ, ಮಾಹಿತಿ. ಬಾನೆಟ್, ಕೂರುವ ಭಾಗ, ಡಿಕ್ಕಿ ಎಂಬ ಮೂರು ಪೆಟ್ಟಿಗೆಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ, ಹೊಸ ಮೂಗಿನ ಗೆರೆ ಹಳೆಯ ಬಾಗಿಲಿನ ಗೆರೆಗೆ ಬಂದು ಸೇರುತ್ತದೆಯೇ ಅಥವಾ ಚಕ್ರದ ಕಮಾನಿನಲ್ಲೇ ತುಂಡಾಗುತ್ತದೆಯೇ ಎಂಬುದನ್ನು ಇಲ್ಲಿಂದಲೇ ಗುರುತಿಸಬೇಕು. ಹೊಸ ಮುಖವನ್ನು ಹಳೆಯ ಮೈಗೆ ಅವಸರದಲ್ಲಿ ಅಂಟಿಸಿದ್ದರೆ ಅದು ಗೊತ್ತಾಗುವುದು ಇಲ್ಲೇ.

ಡಿಸೈರಿನ ಕಥೆ ಇದಕ್ಕೆ ಒಳ್ಳೆಯ ಪಾಠ. 2008ರಲ್ಲಿ ಬಂದ ಮೊದಲ ಡಿಸೈರ್ 4160 ಮಿಲಿಮೀಟರ್ ಉದ್ದವಿತ್ತು. ನಾಲ್ಕು ಮೀಟರ್ ಮೀರದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಉತ್ಪಾದನಾ ಸುಂಕವನ್ನು 2006ರ ಬಜೆಟ್ಟಿನಲ್ಲಿ ಇಳಿಸಲಾಗಿದ್ದರಿಂದ, 2012ರ ಡಿಸೈರನ್ನು 3995 ಮಿಲಿಮೀಟರಿಗೆ ಮೊಟಕುಗೊಳಿಸಲಾಯಿತು. ಕತ್ತರಿ ಬಿದ್ದದ್ದು ಡಿಕ್ಕಿಗೆ. ಆ ಕಾರಿನ ಹಿಂಭಾಗವನ್ನು ಕಂಡು ನಕ್ಕವರೆಲ್ಲ ನಿಜವಾಗಿ ನಕ್ಕದ್ದು ತೆರಿಗೆಯ ನಿಯಮವನ್ನು ಕಂಡು. 2017ರಲ್ಲಿ ಮತ್ತು 2024ರ ನವೆಂಬರ್‌ನಲ್ಲಿ ಬಂದ ಡಿಸೈರುಗಳೂ ಅದೇ 3995ರೊಳಗೇ ಇವೆ, ಆದರೆ ಡಿಕ್ಕಿಯನ್ನು ಮಾಡಿನ ಇಳಿಜಾರಿನೊಂದಿಗೆ ಕೂಡಿಸುವ ಜಾಣತನ ವಿನ್ಯಾಸಕಾರರಿಗೆ ಕಾಲಕ್ರಮೇಣ ಒಲಿದಿದೆ ಎನ್ನುವುದು ನನ್ನ ಅಭಿಪ್ರಾಯ. ಈ ನಾಲ್ಕು ಮೀಟರಿನ ಗೆರೆ ಇನ್ನೂ ಅಳಿದಿಲ್ಲ: 2025ರ ಸೆಪ್ಟೆಂಬರ್ 22ರಿಂದ ಆ ಮಿತಿಯೊಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಜಿಎಸ್‌ಟಿ ಶೇ. 18, ಸಿಟಿಯಂಥ ದೊಡ್ಡ ಸೆಡಾನುಗಳಿಗೆ ಶೇ. 40. ಆದ್ದರಿಂದ ಎರಡು ಕಾರುಗಳ ರೂಪವನ್ನು ಹೋಲಿಸುವ ಮೊದಲು ಅವು ಗೆರೆಯ ಒಂದೇ ಬದಿಯಲ್ಲಿವೆಯೇ ಎಂದು ನೋಡಿಕೊಳ್ಳುವುದು ನ್ಯಾಯ.

ಈಗ ಮುಖಕ್ಕೆ ಬರಬಹುದು. ಗ್ರಿಲ್ ದೊಡ್ಡದೋ ಚಿಕ್ಕದೋ ಎಂಬ ಚರ್ಚೆಗಿಂತ, ಬಂಪರಿನ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಚಕ್ರದಿಂದ ಎಷ್ಟು ಮುಂದಕ್ಕೆ ಚಾಚಿದೆ ಎಂಬುದು ನಮ್ಮ ಊರಿಗೆ ಹೆಚ್ಚು ಸಂಬಂಧಿಸಿದ್ದು. ಕರಪತ್ರದಲ್ಲಿ ಮುದ್ರಿಸುವ 163, 165 ಮಿಲಿಮೀಟರಿನ ನೆಲದ ಅಂತರ ಕಾರಿನ ಹೊಟ್ಟೆಯ ಲೆಕ್ಕವೇ ಹೊರತು ಬಂಪರಿನ ಕೆಳ ಅಂಚೆಂಬ ಗಲ್ಲದ್ದಲ್ಲ. ಗುಡ್ಡ ಕಡಿದು ಮನೆ ಕಟ್ಟಿದ ಮಂಗಳೂರಿನಲ್ಲಿ ಗೇಟಿನಿಂದ ಅಂಗಳಕ್ಕೆ ಇಳಿಯುವ ಕಾಂಕ್ರೀಟಿನ ಇಳಿಜಾರು ಸಾಮಾನ್ಯವಾಗಿ ಕಡಿದಾಗಿಯೇ ಇರುತ್ತದೆ. ನಮ್ಮ ಮನೆಯ ಇಳಿಜಾರಿನ ಬುಡದಲ್ಲಿ ಒಂದು ಗೇಣು ಅಗಲದ ಕಪ್ಪು ಗೀರಿದೆ. ನಾನು ರೂಪಕ್ಕೆ ಮರುಳಾಗಿ ಕೊಂಡ ಒಂದು ಕಾರಿನ ಗಲ್ಲ ಮೊದಲ ವಾರವೇ ಅಲ್ಲಿ ಉಜ್ಜಿದ ಗುರುತದು. ಹಾಗಾಗಿ ಪರೀಕ್ಷಾ ಸವಾರಿಯ ಕಾರನ್ನು ನಿಮ್ಮ ಮನೆಯ ಅಂಗಳಕ್ಕೇ ಇಳಿಸಿ, ಹತ್ತಿಸಿ, ಮನೆಯವರೊಬ್ಬರನ್ನು ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿ ನೋಡಲು ಹೇಳಿ. ಮಾರಾಟಗಾರರು ಮುಖ ಚಿಕ್ಕದು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹೊಳೆಯುವ ಕ್ರೋಮ್ ಪಟ್ಟಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಸಮುದ್ರದ ಉಪ್ಪು ಗಾಳಿ ತಾಗುವ ಸುರತ್ಕಲ್, ಉಳ್ಳಾಲ, ಮಲ್ಪೆಗಳಲ್ಲಿ ಒರೆಸದೆ ಬಿಟ್ಟ ಕ್ರೋಮಿನ ಮೇಲೆ ಸಣ್ಣ ಚುಕ್ಕೆಗಳೇಳುತ್ತವೆ. ಅದರ ಬದಲಿಗೆ ಈಗ ಫ್ಯಾಷನ್ನಾಗಿರುವ ಹೊಳಪು ಕಪ್ಪು ಪ್ಲಾಸ್ಟಿಕ್ಕು ಚುಕ್ಕೆ ಹಿಡಿಯುವುದಿಲ್ಲ, ಆದರೆ ಕೆಂಪು ಮಣ್ಣಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಜೇಡರ ಬಲೆಯಂಥ ಗೀರುಗಳು ಮೂಡುತ್ತವೆ. ದೀಪಗಳ ವಿಷಯದಲ್ಲಿ ಒಂದು ಪ್ರಶ್ನೆ ಸಾಕು: ಎಲ್‌ಇಡಿ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದೋ, ಇಡೀ ದೀಪದ ಜೋಡಣೆಯನ್ನೇ ತರಿಸಬೇಕೋ, ಬೆಲೆ ಎಷ್ಟು? ಇದರ ಉತ್ತರ ಬರುವವರೆಗೆ ದೀಪದ ಆಕಾರವನ್ನು ಹೊಗಳಬೇಡಿ.

ಹೊಸ ರೂಪದೊಂದಿಗೆ ಚಕ್ರವೂ ಒಂದು ಇಂಚು ಬೆಳೆಯುವುದುಂಟು. ಟೈರಿನ ಬದಿಯಲ್ಲಿ ಬರೆದ ಅಂಕಿಯನ್ನು ಓದಿ ಲೆಕ್ಕ ಹಾಕುವುದು ಸುಲಭ: 185/60 ಆರ್15 ಎಂದಿದ್ದರೆ 185ರ ಶೇ. 60, ಅಂದರೆ ಟೈರಿನ ಗೋಡೆ 111 ಮಿಲಿಮೀಟರ್. 185/55 ಆರ್16 ಆದರೆ ಸುಮಾರು 102. ಗುಂಡಿಯ ಅಂಚಿಗೆ ಬಡಿಯುವಾಗ ಅಲಾಯ್ ಚಕ್ರವನ್ನು ಕಾಯುವ ರಬ್ಬರು 9 ಮಿಲಿಮೀಟರ್ ಕಡಿಮೆಯಾಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿ ಇಳಿಯುವವರು ದೊಡ್ಡ ಚಕ್ರದ ಅಂದಕ್ಕಿಂತ ಈ 9 ಮಿಲಿಮೀಟರಿಗೆ ಬೆಲೆ ಕೊಡಬೇಕು ಎಂದು ನಾನು ಹೇಳುತ್ತೇನೆ, ಒಪ್ಪದವರೂ ಇದ್ದಾರೆ.

ಹಿಂಭಾಗವನ್ನು ನೋಡುವಾಗ ಡಿಕ್ಕಿಯನ್ನು ತೆರೆಯದೆ ಅಭಿಪ್ರಾಯ ಹೇಳಬಾರದು. ಸಿಟಿಯ ಡಿಕ್ಕಿ 506 ಲೀಟರ್, ವೆರ್ನಾದ್ದು 528, ಹೊಸ ಡಿಸೈರಿನದ್ದು 382 ಎಂಬ ಅಂಕಿಗಳು ಒಳಗಿನ ಜಾಗವನ್ನಷ್ಟೇ ಹೇಳುತ್ತವೆ. ದುಬೈಯಿಂದ ಬಂದವರ ದೊಡ್ಡ ಸೂಟ್‌ಕೇಸನ್ನು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ತುಂಬಿಸುವಾಗ ತೊಡಕಾಗುವುದು ಬಾಯಿಯ ಅಗಲ, ಹೊಸ್ತಿಲಿನ ಎತ್ತರ. ಮನೆಯ ಅತಿ ದೊಡ್ಡ ಸೂಟ್‌ಕೇಸನ್ನು ಖಾಲಿಯಾದರೂ ಸರಿ, ಜೊತೆಗೆ ಒಯ್ದು ಇಟ್ಟು ನೋಡಿ. ಒಂದು ಬಕೆಟ್ ನೀರನ್ನು ಮುಚ್ಚಳದ ಮೇಲೆ ಸುರಿದು ಕೂಡಲೇ ಅದನ್ನು ಎತ್ತಿ: ನೀರು ಬದಿಯ ಕಾಲುವೆಯಲ್ಲಿ ಹರಿದುಹೋಗುತ್ತದೆಯೇ, ಸಾಮಾನಿನ ಮೇಲೆ ಬೀಳುತ್ತದೆಯೇ ಎಂದು ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪರೀಕ್ಷೆಗೆ ಬಕೆಟಿನ ಅಗತ್ಯವೂ ಇಲ್ಲ.

ಹಿಂದಕ್ಕೆ ಜಾರುವ ಮಾಡು ಕಣ್ಣಿಗೆ ಸೊಗಸು, ಆದರೆ ಬೆಲೆ ತೆರುವವರು ಹಿಂದಿನ ಸೀಟಿನವರು. ಸೀರೆ ಉಟ್ಟ, ಮುಡಿಯಲ್ಲಿ ಮಲ್ಲಿಗೆಯ ಮಾಲೆ ಇರುವ ಅಮ್ಮನನ್ನೋ ಅತ್ತೆಯನ್ನೋ ಕರೆದೊಯ್ದು ಹತ್ತಿಸಿ ಇಳಿಸಿ; ಅವರು ತಲೆಯನ್ನು ಎಷ್ಟು ಬಗ್ಗಿಸಿದರು, ಇಳಿಯುವಾಗ ಬಾಗಿಲಿನ ಕಂಬವನ್ನು ಹಿಡಿದರೇ ಎಂಬುದನ್ನು ಗಮನಿಸಿ. "ಹೇಗುಂಟು?" ಎಂದು ಕೇಳಬೇಡಿ, "ಲಾಯ್ಕ ಉಂಟು ಮಗಾ" ಎನ್ನುತ್ತಾರೆ.

ಇಷ್ಟಾದ ಮೇಲೆ ಅಭಿಪ್ರಾಯವನ್ನು ಹೇಳುವಾಗ ಬದಲಾದದ್ದು, ಬದಲಾಗದ್ದು, ಬದಲಾವಣೆಯಿಂದ ದಿನನಿತ್ಯ ಆಗುವ ವ್ಯತ್ಯಾಸ ಎಂಬ ಮೂರನ್ನು ಬೇರೆಬೇರೆಯಾಗಿ ಹೇಳಿ, "ನನಗೆ ಚಂದ ಕಾಣುತ್ತದೆ" ಅಥವಾ "ಕಾಣುವುದಿಲ್ಲ" ಎಂಬುದನ್ನು ಕೊನೆಗಿಡಿ. ಮೊದಲ ನೋಟದ ಮಾತನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಅದೇ ಕಾರನ್ನು ಮಂಗಳೂರಿನ ಪಂಪ್‌ವೆಲ್‌ನಲ್ಲೋ ಉಡುಪಿಯ ಕಲ್ಸಂಕದಲ್ಲೋ ಟ್ರಾಫಿಕ್ಕಿನ ನಡುವೆ ಹತ್ತಾರು ಸಲ ಕಂಡ ಮೇಲೆ ಮತ್ತೆ ಓದಿ. ಅಸಹ್ಯವೆನಿಸಿದ್ದ ಗ್ರಿಲ್ಲು ಅಷ್ಟರಲ್ಲಿ ಕಣ್ಣಿಗೆ ಒಗ್ಗಿರುವುದೂ ಉಂಟು. ಕೇಳಿದವರು ಆಗಲೇ ಮುಂಗಡ ಕೊಟ್ಟು, ದೇವಸ್ಥಾನದಲ್ಲಿ ವಾಹನ ಪೂಜೆಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದರೆ ಮಾತ್ರ ಈ ಯಾವುದೂ ಬೇಡ. ಬಣ್ಣ ಯಾವುದು ಎಂದು ಕೇಳಿ, ಆ ಬಣ್ಣವನ್ನು ಮೆಚ್ಚಿ, ಚಹಾ ಕುಡಿದು ಬನ್ನಿ.