ಸ್ಕ್ಯಾನ್ ನಾರ್ಮಲ್, ತಲೆನೋವು ಮಾತ್ರ ಹಾಗೇ: ಮಕ್ಕಳ ಡಾಕ್ಟರಾಗಿ ನನ್ನ ಅನುಭವ

ಆಗಸ್ಟ್ ಬಂತೆಂದರೆ ನಮ್ಮ ಕಡೆ ಹೋಬಳಿ ಮಟ್ಟದ ಕ್ರೀಡಾಕೂಟಗಳ ಕಾಲ. ಕಬಡ್ಡಿಯಲ್ಲಿ ಎದುರಾಳಿಯ ಮಂಡಿ ತಲೆಗೆ ತಾಗಿದವರು, ಖೋಖೋ ಕಂಬಕ್ಕೆ ಹಣೆ ಬಡಿಸಿಕೊಂಡವರು ಆ ವಾರವೇ ಕ್ಲಿನಿಕ್ಕಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ನಾನು ಬರೆಯಹೊರಟಿರುವುದು ದೀಪಾವಳಿ ಹೊತ್ತಿಗೂ ತಲೆನೋವು ಹೋಗದೆ ದಪ್ಪ ಫೈಲ್ ಹಿಡಿದು ಬರುವ ಉಳಿದವರ ಬಗ್ಗೆ.

ಫೈಲಿನಲ್ಲಿ ಸಿ.ಟಿ. ಇರುತ್ತದೆ, ಎಂಆರ್‌ಐ ಇರುತ್ತದೆ, ಕಣ್ಣಿನ ಡಾಕ್ಟರ ಚೀಟಿ ಇರುತ್ತದೆ, ಒಮ್ಮೊಮ್ಮೆ ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಕೂಡ. ಎಲ್ಲದರಲ್ಲೂ ನಾರ್ಮಲ್. "ಎಲ್ಲಾ ನಾರ್ಮಲ್ ಅಂತ ಬರ್ದವ್ರೆ ಡಾಕ್ಟ್ರೇ, ಹಂಗಾದ್ರೆ ಇವ್ನಿಗೆ ನೋವ್ಯಾಕೆ?" ಎಂದು ತಾಯಿ ಕೇಳುತ್ತಾರೆ. ಓದೋಕೆ ಸೋಮಾರಿತನ ಅಷ್ಟೇ ಎಂಬುದು ತಂದೆಯ ತೀರ್ಮಾನ. ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ.

ತಾಯಿಯ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಬಾರದು. ರಕ್ತಸ್ರಾವ, ಮೂಳೆ ಬಿರುಕು ಇದೆಯೇ ಎಂದು ನೋಡಲು ಸಿ.ಟಿ. ಮಾಡುತ್ತಾರೆ. ಸಣ್ಣ ಪೆಟ್ಟಿನಲ್ಲಿ ಏರುಪೇರಾಗುವುದು ಜೀವಕೋಶಗಳ ಲವಣ ಮತ್ತು ಶಕ್ತಿಯ ಲೆಕ್ಕಾಚಾರ. ಅದು ಫಿಲ್ಮಿನಲ್ಲಿ ಮೂಡುವುದಿಲ್ಲ. ತೋಟದವರಿಗೆ ನಾನು ಪಂಪ್‌ಸೆಟ್ ಉದಾಹರಣೆ ಕೊಡುತ್ತೇನೆ: ವೋಲ್ಟೇಜ್ ಕಮ್ಮಿ ಇದ್ದಾಗ ಪಂಪಿನ ಫೋಟೋ ತೆಗೆದರೆ ಪಂಪು ಚೆನ್ನಾಗಿಯೇ ಕಾಣುತ್ತದೆ, ನೀರು ಮಾತ್ರ ಏರುವುದಿಲ್ಲ. ಮಗನ ನೋವು ನಿಜ ಎಂದು ಡಾಕ್ಟರ ಬಾಯಿಂದ ಕೇಳಿದ ಮೇಲೆ ತಂದೆಯ ಧಾಟಿಯೂ ಬದಲಾಗುತ್ತದೆ.

ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣದ ಪ್ರಕಾರ, ಪೆಟ್ಟು ಬಿದ್ದ 7 ದಿನದೊಳಗೆ ಶುರುವಾಗಿ 3 ತಿಂಗಳು ಮೀರಿದರೆ ಅದು ದೀರ್ಘಕಾಲದ ತಲೆನೋವು. ನಾನು ಮೂರು ತಿಂಗಳು ಕಾಯುವುದಿಲ್ಲ. ನಾಲ್ಕು ವಾರ ದಾಟಿದರೆ ಸಂಜೆ ಕೊನೆಯ ಸರದಿಗೆ ಬರಹೇಳಿ ಪೂರ್ತಿ ವಿಚಾರಿಸುತ್ತೇನೆ. ಅಷ್ಟು ಹೊತ್ತಿಗೆ ತಲೆನೋವನ್ನು ಹಿಡಿದಿಟ್ಟಿರುವುದು ಪೆಟ್ಟಿಗಿಂತ ಹೆಚ್ಚಾಗಿ ಆಮೇಲಿನ ದಿನಚರಿ ಎಂಬುದು ನನಗೆ ಕಂಡುಬಂದಿರುವ ಸಂಗತಿ.

ಅಪಾಯದ ಚಿಹ್ನೆಗಳನ್ನು ಮೊದಲು ನೋಡಿ ಮುಗಿಸುತ್ತೇನೆ. ದಿನೇದಿನೇ ಏರುತ್ತಿರುವ ನೋವು, ನಸುಕಿನಲ್ಲಿ ಎಬ್ಬಿಸುವ ನೋವು ಮತ್ತು ವಾಂತಿ, ಫಿಟ್ಸ್, ಕೈಕಾಲು ಬಲಹೀನತೆ, ಮಂಪರು, ಮೂಗು ಅಥವಾ ಕಿವಿಯಿಂದ ತಿಳಿನೀರು: ಇವುಗಳಲ್ಲಿ ಯಾವುದಿದ್ದರೂ ಕೂಡಲೇ ದೊಡ್ಡ ಆಸ್ಪತ್ರೆಗೆ. ಎದ್ದು ಕೂತರೆ ನೋವು, ಮಲಗಿದರೆ ಮಾಯ ಎನ್ನುವವರನ್ನೂ ಕಳಿಸುತ್ತೇನೆ. ಮೆದುಳಿನ ಸುತ್ತಲಿನ ದ್ರವ ಎಲ್ಲೋ ಸೋರುತ್ತಿರಬಹುದು.

ಆಮೇಲೆ ಮಾತ್ರೆಗಳ ಲೆಕ್ಕ. ಏನೇನು ನುಂಗಿದ್ದಾನೆ ಎಂದು ಕೇಳಿದರೆ "ಯಾವಾಗ್ಲೋ ಒಂದು" ಎನ್ನುತ್ತಾರೆ. ಅದಕ್ಕೇ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಚೀಲ ಬೇರೆಯೇ ಕಥೆ ಹೇಳುತ್ತದೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಕೆಫೀನ್ ಬೆರೆತಂಥ ಜೋಡಿ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತ ಮೂರು ತಿಂಗಳು ಕಳೆದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಸಿಗುವುದು ಹೆಚ್ಚಾಗಿ ಎರಡನೇ ಬಗೆಯದು.

ಸಾದಾ ಮಾತ್ರೆಯಾದರೆ ಒಂದೇ ಸಲಕ್ಕೆ ನಿಲ್ಲಿಸಿಬಿಡುತ್ತೇನೆ. ಮೊದಲ ವಾರ, ಹತ್ತು ದಿನ ನೋವು ಹೆಚ್ಚುತ್ತದೆ ಎಂದು ಹುಡುಗನ ಮುಖ ನೋಡಿಯೇ ಹೇಳುತ್ತೇನೆ. ಆ ದಿನಗಳು ಕಿರುಪರೀಕ್ಷೆಯ ಮೇಲೆ ಬೀಳದಂತೆ ದಸರಾ ರಜೆಯನ್ನೋ ಶನಿವಾರ ಭಾನುವಾರವನ್ನೋ ನೋಡಿ ಶುರು ಮಾಡಿಸುವುದು ರೂಢಿ. ಅದು ಕಳೆದ ಮೇಲೆ ವಾರಕ್ಕೆ ಎರಡು ದಿನದ ಮಿತಿ. ಆ ಎರಡು ದಿನವೂ ತೂಕಕ್ಕೆ ತಕ್ಕ ಡೋಸ್ ಇರಬೇಕು: ಪ್ಯಾರಾಸಿಟಮಾಲ್ ಆದರೆ ಕಿಲೋಗೆ 15 ಮಿ.ಗ್ರಾಂ. 45 ಕಿಲೋ ಹುಡುಗನಿಗೆ 650ರ ಮಾತ್ರೆ ಸರಿಹೊಂದುತ್ತದೆ. ಅರ್ಧ ಮಾತ್ರೆ ಕೊಟ್ಟು, ಸಾಲದೆ ಮತ್ತರ್ಧ ಕೊಟ್ಟು ದಿನವಿಡೀ ಎಳೆಯುವುದೇ ಮನೆಗಳಲ್ಲಿ ನಡೆಯುವುದು.

ನೋವಿನ ಬಗೆಯನ್ನೂ ಗುರುತಿಸಬೇಕು. ಮಿಡಿಯುವ ನೋವು, ವಾಕರಿಕೆ, ಬೆಳಕು ಸದ್ದು ತಡೆಯಲಾಗದಿದ್ದರೆ ಅದು ಅರೆತಲೆನೋವಿನ (ಮೈಗ್ರೇನ್) ರೂಪ. "ನಿಮಗೂ ಬರುತ್ತಾ ಅಮ್ಮಾ?" ಎಂದರೆ ಎಷ್ಟೋ ತಾಯಂದಿರು ಹೌದು ಎನ್ನುತ್ತಾರೆ. ತಲೆಬುರುಡೆಯ ಬುಡದಲ್ಲಿ, ಕತ್ತಿನ ಹಿಂದೆ ಬೆರಳೊತ್ತಿದಾಗ "ಇದೇ ನೋವು" ಎಂದರೆ ಕತ್ತಿನ ಪಾಲಿದೆ. ಕತ್ತಿನ ಮೇಲ್ಭಾಗದ ನರಗಳೂ ಮುಖದ ನೋವು ತಿಳಿಸುವ ನರವೂ ಮೆದುಳಿನ ಬುಡದ ಕಾಂಡದಲ್ಲಿ ಒಂದೇ ಕಡೆ ಸೇರುವುದರಿಂದ ಕತ್ತಿನ ನೋವು ಹಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥವರನ್ನು ಫಿಸಿಯೋಥೆರಪಿಗೆ ಕಳಿಸುತ್ತೇನೆ. ಓದುವಾಗಷ್ಟೇ ನೋವು ಎನ್ನುವವರ ಮೂಗಿನ ಕಡೆಗೆ ಪೆನ್ನಿನ ತುದಿ ತರುತ್ತೇನೆ. ಆರು ಸೆಂಟಿಮೀಟರಿಗಿಂತ ದೂರದಲ್ಲೇ ಅದು ಎರಡಾಗಿ ಕಂಡರೆ ಕಣ್ಣುಗಳು ಜೊತೆಗೂಡಿ ಒಳಕ್ಕೆ ತಿರುಗುತ್ತಿಲ್ಲ ಎಂದರ್ಥ. ಅಕ್ಷರದ ಚಾರ್ಟು ಮಾತ್ರ ಓದಿಸಿದರೆ ಇದು ಸಿಗುವುದಿಲ್ಲ. ನಿಂತರೆ ತಲೆ ತಿರುಗುವವರ ನಾಡಿಯನ್ನು ಮಲಗಿಸಿ ನೋಡಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡುತ್ತೇನೆ. ಹದಿಹರೆಯದವರಲ್ಲಿ ನಿಮಿಷಕ್ಕೆ 40 ಬಡಿತ ಏರುವುದು ಸಹಜವಲ್ಲ. ಉಪ್ಪು ಹಾಕಿದ ಮಜ್ಜಿಗೆ, ಹೆಚ್ಚು ನೀರಿನಿಂದ ಶುರು ಮಾಡುತ್ತೇನೆ.

ಮನೆಯವರನ್ನು ಒಪ್ಪಿಸಲು ಹೆಚ್ಚು ಕಷ್ಟವಾಗುವುದು ವಿಶ್ರಾಂತಿಯ ವಿಷಯದಲ್ಲಿ. ತಲೆಗೆ ಪೆಟ್ಟು ಬಿದ್ದಿದೆ ಎಂದು ಕಿಟಕಿ ಮುಚ್ಚಿ ತಿಂಗಳುಗಟ್ಟಲೆ ಮಲಗಿಸಿರುತ್ತಾರೆ. ಐದು ದಿನ ಕಟ್ಟುನಿಟ್ಟಾಗಿ ವಿಶ್ರಾಂತಿ ಪಡೆದ ಮಕ್ಕಳೇ ಒಂದೆರಡು ದಿನ ಪಡೆದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು ಎಂದು 2015ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕ್ರೀಡೆಯಲ್ಲಿ ತಲೆಪೆಟ್ಟಿನ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರೂ ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಆಮೇಲೆ ಓಡಾಟ ಎಂದೇ ಹೇಳಿದರು. ಇಷ್ಟು ಹೇಳಿದರೂ ಅಜ್ಜಿ ಒಪ್ಪುವುದಿಲ್ಲ. ಅಜ್ಜಿಯನ್ನೂ ಕರೆತನ್ನಿ ಎನ್ನುತ್ತೇನೆ.

ಎಷ್ಟು ಓಡಾಟಕ್ಕೆ ನೋವು ಏರುತ್ತದೆ ಎಂದು ದೊಡ್ಡ ಊರಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆಯುತ್ತಾರೆ. ನನ್ನಲ್ಲಿ ಅದಿಲ್ಲ, ಕ್ಲಿನಿಕ್ ಹಿಂದಿನ ರಸ್ತೆಯೇ ಸಾಕು. ಹುಡುಗನನ್ನು ಮೊದಲು ನಿಧಾನ, ಆಮೇಲೆ ಬಿರುಸಾಗಿ ನಡೆಸುತ್ತೇನೆ. ಹತ್ತರ ಅಳತೆಯಲ್ಲಿ ನೋವು ಎರಡು ಅಂಕಕ್ಕಿಂತ ಹೆಚ್ಚು ಏರಿದಾಗ ನಿಲ್ಲಿಸಿ ನಾಡಿ ಎಣಿಸುತ್ತೇನೆ. 145ಕ್ಕೆ ನೋವು ಏರಿದರೆ 120ರ ಆಸುಪಾಸಿನಲ್ಲಿ ದಿನಕ್ಕೆ 20 ನಿಮಿಷದ ನಡಿಗೆ. ನಾಡಿ ಎಣಿಸುವುದನ್ನು ಅವನಿಗೇ ಕಲಿಸುತ್ತೇನೆ. ತೋಟಕ್ಕೆ ಹೋಗುವ ಅಪ್ಪನ ಜೊತೆ ನಡೆಯುವುದು ಬಹಳ ಮನೆಗಳಿಗೆ ಹೊಂದಿದೆ. ಒಂದೆರಡು ವಾರಕ್ಕೊಮ್ಮೆ ಮತ್ತೆ ಅಳೆದು ಮಿತಿ ಏರಿಸುತ್ತೇನೆ.

ಹೆಡ್‌ಮಾಸ್ಟರಿಗೆ ಒಂದು ಪತ್ರ ಬರೆಯುತ್ತೇನೆ. ನನ್ನ ಪ್ರಿಸ್ಕ್ರಿಪ್ಷನ್ನಿಗಿಂತ ಅದರ ಕೆಲಸ ದೊಡ್ಡದು. ಮೊದಲ ವಾರ ಅರ್ಧ ದಿನ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಜಾಗ. ಬೋರ್ಡಿನಿಂದ ನಕಲು ಮಾಡುವ ಬದಲು ಗೆಳೆಯನ ನೋಟ್ಸ್. ನೋವು ಏರಿದರೆ ಹತ್ತು ನಿಮಿಷ ಹೊರಗೆ ಕೂರಲು ಅನುಮತಿ. ಎಸ್‌ಎಸ್‌ಎಲ್‌ಸಿ ಮಕ್ಕಳಾದರೆ ಬೆಳಗಿನ ವಿಶೇಷ ತರಗತಿಗೆ ಸದ್ಯ ವಿನಾಯಿತಿ. ನಿದ್ದೆಗೆಟ್ಟು, ತಿಂಡಿ ಬಿಟ್ಟು ಓಡುವ ಆ ತರಗತಿ ಪೆಟ್ಟು ಬೀಳದ ಮಕ್ಕಳಿಗೂ ತಲೆನೋವು ತರುತ್ತದೆ ಎಂಬುದು ನನ್ನ ಖಾಸಗಿ ಅಭಿಪ್ರಾಯ. ಮೇಷ್ಟ್ರುಗಳು ಸಾಮಾನ್ಯವಾಗಿ ಸಹಕರಿಸುತ್ತಾರೆ, ಬರಹದಲ್ಲಿರಬೇಕು ಅಷ್ಟೇ.

ಮನೆಯಲ್ಲಿ ಗೋಡೆಯ ಕ್ಯಾಲೆಂಡರೇ ನಮ್ಮ ದಾಖಲೆ. ಹಾಲಿನ ಲೆಕ್ಕದ ಪಕ್ಕದಲ್ಲಿ ರಾತ್ರಿ ಒಂದು ಸಲ ನೋವಿನ ಅಂಕಿ, ಮಾತ್ರೆ ತೆಗೆದುಕೊಂಡಿದ್ದರೆ ಒಂದು ಗೀಟು. ಆ ಒಂದು ಸಲ ಬಿಟ್ಟು "ನೋವು ಐತಾ ಮಗ?" ಎಂದು ಯಾರೂ ಕೇಳಬಾರದು. ಗಳಿಗೆಗೊಮ್ಮೆ ಕೇಳಿದರೆ ಮರೆತ ನೋವೂ ನೆನಪಾಗುತ್ತದೆ.

ತಲೆನೋವು ಬಾರದಂತೆ ದಿನಾ ಕೊಡುವ ತಡೆ ಮಾತ್ರೆಗಳಲ್ಲಿ ನಾನು ಕೈ ಬಿಗಿ. 2017ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಮೈಗ್ರೇನ್ ಇದ್ದ ಮಕ್ಕಳಿಗೆ ಅಂಥ ತಡೆ ಮಾತ್ರೆಗಳಾದ ಅಮಿಟ್ರಿಪ್ಟಿಲಿನ್ ಆಗಲಿ ಟೋಪಿರಮೇಟ್ ಆಗಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತ್ತು. ನಿದ್ದೆಯೇ ಹತ್ತದ ಕೆಲವರಿಗೆ ಅಮಿಟ್ರಿಪ್ಟಿಲಿನನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ಕೆಲವು ತಿಂಗಳಿಗೆ ನಿಲ್ಲಿಸುವುದುಂಟು. ಬೈಕ್ ಅಪಘಾತದಲ್ಲಿ ಪೆಟ್ಟು ತಿಂದ ಮಕ್ಕಳನ್ನು ಐದು ನಿಮಿಷ ಒಬ್ಬರನ್ನೇ ಮಾತಾಡಿಸುತ್ತೇನೆ. ಗಾಡಿ ಓಡಿಸುತ್ತಿದ್ದುದು ಅಪ್ಪನೇ ಆಗಿದ್ದರೆ ಅವರೆದುರು ಮಗು ಭಯದ ಮಾತಾಡುವುದಿಲ್ಲ. ರಾತ್ರಿ ಬೆಚ್ಚಿಬೀಳುವವರನ್ನು ಮನೋವೈದ್ಯರಿಗೆ ತೋರಿಸಲು ಹೇಳಿ, ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಡುತ್ತೇನೆ.

ಕಬಡ್ಡಿ ಯಾವಾಗ ಎಂಬುದು ಹುಡುಗನ ಏಕೈಕ ಪ್ರಶ್ನೆ. ಪೂರ್ತಿ ಶಾಲೆಗೆ ಹೋಗುವಂತಾಗಬೇಕು, ಓಡಿದರೂ ನೋವು ಬರಬಾರದು, ಅಲ್ಲಿಯವರೆಗೆ ಮೈಗೆ ಮೈ ತಾಗುವ ಆಟ ಇಲ್ಲ. ಇದರಲ್ಲಿ ಪಿ.ಟಿ. ಮೇಷ್ಟ್ರ ಶಿಫಾರಸೂ ನಡೆಯುವುದಿಲ್ಲ.

ಪ್ರತಿ ಸಲ ತೋರಿಸಲು ಬಂದಾಗ ನಾನು ಮೊದಲು ನೋಡುವುದು ಎಷ್ಟು ದಿನ ಶಾಲೆಗೆ ಹೋದ, ಎಷ್ಟು ಗೀಟು ಬಿದ್ದಿವೆ ಎಂದು. ನೋವಿನ ಅಂಕಿ ಇಳಿಯುವುದು ಇವೆಲ್ಲ ಸರಿಹೋದ ಮೇಲೆ. ಇದನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು. ಹೇಳದಿದ್ದರೆ ಎರಡನೇ ವಾರಕ್ಕೆಲ್ಲ ಬೇರೆ ಊರಿಗೆ ಹೋಗಿ ಇನ್ನೊಂದು ಎಂಆರ್‌ಐ ಮಾಡಿಸಿಕೊಂಡು ಬಂದಿರುತ್ತಾರೆ.