ಪೊಕ್ಲೇನ್ ಪೈಪ್ ಸೋರಿದಾಗ ನಾನು ಮಾಡಿದ್ದು

ಮಣ್ಣು ಅಗೆಯುವ ಗಾಡಿಗೆ ಊರ ಕಡೆ ಹಿಟಾಚಿ ಅಂತೀವಿ, ಪುಣೆಯಲ್ಲಿ ಅದೇ ಪೊಕ್ಲೇನ್. ಗಾಡಿ ಯಾವ ಕಂಪನಿಯದಾದರೂ ಹೆಸರು ಮಾತ್ರ ಅದೇ! ವಾಘೋಲಿ ಸೈಟಿನಲ್ಲಿ ನಮ್ಮ 20 ಟನ್ ಗಾಡಿಯ ಬೂಮ್, ಅಂದರೆ ದೊಡ್ಡ ತೋಳು, ತಾನಾಗಿಯೇ ಕೆಳಗಿಳಿಯತೊಡಗಿತು. ಅದನ್ನು ಎತ್ತುವ ಸಿಲಿಂಡರಿಗೆ ಎಣ್ಣೆ ಒಯ್ಯುವ ಪೈಪಿನ ಹತ್ತಿರ ಎಣ್ಣೆ ಜಿನುಗುತ್ತಿತ್ತು. ವಿಜಯಪುರ ಜಿಲ್ಲೆಯ ಇಂಡಿಯಿಂದ ಬಂದ ಹೆಲ್ಪರ್ ಹುಡುಗ ಪೈಪಿನ ಮೇಲೆ ಕೈಯಾಡಿಸಿ ತೂತು ಹುಡುಕಲು ಹೋದ. "ಏ ತಮ್ಮಾ, ಕೈ ತಗಿ!" ಅಂತ ಕೂಗಿದೆ.

ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್ ಒತ್ತಡ. ಈ ಪೈಪಿನಲ್ಲಿ 300 ದಾಟುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಂಥ ಗುರುತು, ಮೊದಲಿಗೆ ನೋವೂ ಜಾಸ್ತಿ ಇರಲ್ಲ. ಆಸ್ಪತ್ರೆಗೆ ಹೋಗಲು ತಡ ಮಾಡಿದರೆ ಬೆರಳನ್ನೇ ಕತ್ತರಿಸಬೇಕಾಗಬಹುದು.

ಕನ್ನಡಕ ಹಾಕಿಕೊಂಡು, ದೂರದಿಂದ ರಟ್ಟಿನ ತುಂಡು ಹಿಡಿದೆ. ಎಣ್ಣೆ ಬರುವ ಜಾಗ ಸಿಕ್ಕಿತು. ಬಕೆಟ್ ನೆಲಕ್ಕೂರಿ ಎಂಜಿನ್ ಆಫ್ ಮಾಡಿದೆ. ಇಷ್ಟಕ್ಕೇ ಪಾನಾ (ಸ್ಪ್ಯಾನರ್) ಹಿಡಿಯುವವರೇ ಜಾಸ್ತಿ, ಆದರೆ ಒಳಗೆ ಒತ್ತಡ ಇನ್ನೂ ಇರುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಇಟ್ಟು, ಲಿವರ್‌ಗಳನ್ನು ಎಲ್ಲಾ ಕಡೆ ಆಡಿಸಿದೆ. ಎಣ್ಣೆ ಟ್ಯಾಂಕಿನ ಗಾಳಿ ಬಿಡುವ ಬ್ರೀದರ್ ಒತ್ತಿದಾಗ ಬುಸ್ ಅಂತ ಗಾಳಿ ಹೋಯಿತು. ಕೀ ನನ್ನ ಜೇಬಿಗೆ. ಲಿವರ್‌ಗೆ "ಕೆಲಸ ನಡೆದಿದೆ, ಮುಟ್ಟಬೇಡಿ" ಚೀಟಿ, ಮರಾಠಿ ಹಿಂದಿಯಲ್ಲೂ. ಬಿಸಿ ಎಣ್ಣೆ ಆರಲು ಮುಕ್ಕಾಲು ಗಂಟೆ ಹಿಡಿಯಿತು. ಸೂಪರ್‌ವೈಸರ್ "ಲವಕರ್, ಲವಕರ್" (ಬೇಗ, ಬೇಗ) ಅನ್ನುತ್ತಲೇ ಇದ್ದರು. ನಾನು ಸುಮ್ನೆ ಚಹಾ ತರಿಸಿದೆ.

ಹೊಸ ಪೈಪ್ ಹಾಕಿ, ಬೂಮ್ ಎತ್ತಿ, ದೂರ ನಿಂತು ಹತ್ತು ನಿಮಿಷ ನೋಡಿದೆವು. ಇಳಿಯಲಿಲ್ಲ. ಹುಡುಗ ಆ ರಟ್ಟನ್ನು ಈಗಲೂ ಸೀಟಿನ ಹಿಂದೆ ಇಟ್ಟುಕೊಂಡಿದ್ದಾನೆ.