ಕೂದಲು ಕಸಿಯ ನಂತರ: ಮೊದಲ ಹತ್ತು ದಿನ, ಆಮೇಲಿನ ಹತ್ತು ತಿಂಗಳು

ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸುವವರು ತಿಂಗಳುಗಟ್ಟಲೆ ಕ್ಲಿನಿಕ್ ಹುಡುಕುತ್ತಾರೆ, ಗ್ರಾಫ್ಟ್ (ಕಿತ್ತು ನೆಡುವ ಕೂದಲ ಬುಡ) ಎಷ್ಟು ಬೇಕೆಂದು ಲೆಕ್ಕ ಹಾಕುತ್ತಾರೆ. ಮನೆಗೆ ಬಂದ ಮೇಲಿನ ಆರೈಕೆಗೆ ಮಾತ್ರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಬೆಂಗಳೂರಿನ ಪಿಜಿಯಲ್ಲಿದ್ದು, ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡಿ, ಸ್ಕೂಟರಿನಲ್ಲಿ ಆಫೀಸಿಗೆ ಓಡಾಡುವ ಹುಡುಗನಿಗೆ ಆ ಚೀಟಿ ಸಾಲದು. ಎಫ್‌ಯುಇ ಕಸಿಯ ನಂತರ ನಾನು ಅನುಸರಿಸಿದ ಕ್ರಮವನ್ನು ಕಾರಣ ಸಮೇತ ಬರೆದಿದ್ದೇನೆ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ, ಪಂಚ್ ಎಂಬ ಕೊಳವೆಯಂಥ ಉಪಕರಣದಿಂದ ಹಿಂದಲೆಯ ಕೂದಲ ಬುಡಗಳನ್ನು ಒಂದೊಂದಾಗಿ ತೆಗೆದು ಮುಂದಲೆಯ ಸಣ್ಣ ಸೀಳುಗಳಲ್ಲಿ ಕೂರಿಸುತ್ತಾರೆ. ಅದಕ್ಕೆ ಹೊಲಿಗೆಯಿಲ್ಲ. ಮೊದಲ ಎರಡು ಮೂರು ದಿನ ಹೆಪ್ಪುಗಟ್ಟಿದ ರಕ್ತವಷ್ಟೇ ಗ್ರಾಫ್ಟನ್ನು ಹಿಡಿದಿರುತ್ತದೆ, ಉಗುರು ತಾಗಿದರೂ ಕಿತ್ತು ಬರಬಹುದು. ಆಮೇಲೆ ದಿನದಿಂದ ದಿನಕ್ಕೆ ಹಿಡಿತ ಬಿಗಿಯಾಗಿ, ಸುಮಾರು ಹತ್ತನೇ ದಿನಕ್ಕೆ ಬೇರು ಕೂತಿರುತ್ತದೆ. ಮುಂದೆ ಹೇಳುವ ಹೆಚ್ಚಿನ ನಿಯಮಗಳು ಇದೊಂದು ಕಾರಣಕ್ಕೆ ಹುಟ್ಟಿದವು.

ಸರ್ಜರಿಗೆ ಮೊದಲೇ ತಂದಿಡಬೇಕಾದದ್ದು: 100 ಮಿ.ಲೀ.ಯ ನಾರ್ಮಲ್ ಸಲೈನ್ (ಶುದ್ಧ ಉಪ್ಪುನೀರು) ಬಾಟಲಿಗಳು, ನುಣ್ಣಗೆ ಹನಿಯುವ ಹೊಸ ಸ್ಪ್ರೇ ಬಾಟಲಿ, ಮುಂದೆ ಗುಂಡಿಯಿರುವ ಅಂಗಿಗಳು, ಕತ್ತಿಗೆ ಹಾಕುವ ಪ್ರಯಾಣದ ದಿಂಬು, ಹಳೆಯ ಹತ್ತಿ ಬಟ್ಟೆ, 20 ಲೀಟರ್ ನೀರಿನ ಕ್ಯಾನ್. ಸಲೈನ್ 500 ಮಿ.ಲೀ. ಬಾಟಲಿಯಲ್ಲೂ ಸಿಗುತ್ತದೆ, ಆದರೆ ಬಿಚ್ಚಿದ ಬಾಟಲಿಯನ್ನು ಮಾರನೇ ದಿನಕ್ಕೆ ಉಳಿಸಬಾರದು, ಹಾಗಾಗಿ ಚಿಕ್ಕದೇ ಅನುಕೂಲ. ಟೀ ಶರ್ಟು ತಲೆಯ ಮೇಲಿಂದ ಹಾಕಬೇಕಾದ್ದರಿಂದ ಹತ್ತು ದಿನ ಬೇಡವೇ ಬೇಡ.

ಮೊದಲ ರಾತ್ರಿಯಿಂದ ನಾಲ್ಕೈದು ರಾತ್ರಿ ಅಂಗಾತ, 45 ಡಿಗ್ರಿಯಷ್ಟು ಒರಗಿ ಮಲಗಬೇಕು. ಗೋಡೆಗೆ ಮೂರು ದಿಂಬು ಒಟ್ಟಿ, ಕತ್ತಿಗೆ ಪ್ರಯಾಣದ ದಿಂಬು ಹಾಕಿದರೆ ನಿದ್ದೆಯಲ್ಲಿ ಮಗ್ಗುಲಾಗುವುದು ತಪ್ಪುತ್ತದೆ. ಹಿಂದಲೆಯಿಂದ ಮೊದಲ ರಾತ್ರಿ ಸ್ವಲ್ಪ ರಕ್ತ ಬೆರೆತ ನೀರು ಒಸರುವುದು ಸಹಜ, ದಿಂಬಿನ ಮೇಲೆ ಹಳೆಯ ಬಟ್ಟೆ ಹಾಸಿ. ಪಿಜಿಯಲ್ಲಿ ಎರಡಂತಸ್ತಿನ ಮಂಚವಿದ್ದರೆ ಕೆಳಗಿನದು ಬೇಡ. ಏಳುವಾಗ ತಲೆ ತಾಗುವುದು ಅಲ್ಲೇ. ಬಾತ್‌ರೂಮಿನ ತಗ್ಗು ಬಾಗಿಲು, ಆಟೋ ಹತ್ತುವಾಗ ಮೇಲಿನ ಕಂಬಿ, ಕಾರಿನ ಬಾಗಿಲಿನ ಅಂಚು, ಇವೂ ಅಷ್ಟೇ ಅಪಾಯ. ಮರಗಟ್ಟಿದ ತಲೆಗೆ ಪೆಟ್ಟು ಬಿದ್ದದ್ದೇ ಗೊತ್ತಾಗುವುದಿಲ್ಲ.

ಎಚ್ಚರವಿರುವಾಗ ಒಂದೆರಡು ಗಂಟೆಗೊಮ್ಮೆ ಅರ್ಧ ಅಡಿ ದೂರದಿಂದ ಸಲೈನ್ ಹನಿಸಿ. ಹಕ್ಕಳೆ ಒಣಗಿ ಗಟ್ಟಿಯಾಗುವುದನ್ನು ಇದು ತಡೆಯುತ್ತದೆ, ತುರಿಕೆಯೂ ಕಡಿಮೆಯಾಗುತ್ತದೆ.

ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹಣೆ ಊದಬಹುದು. ಮರಗಟ್ಟಿಸಲು ತಲೆಗೆ ತುಂಬಿದ ದ್ರವ ಕೆಳಗಿಳಿಯುವುದರಿಂದ ಹೀಗಾಗುತ್ತದೆ, ಕೆಲವರಿಗೆ ರೆಪ್ಪೆಯವರೆಗೂ ಇಳಿದು ಕಣ್ಣು ಬಿಡುವುದೇ ಕಷ್ಟ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ. ಹುಬ್ಬಿನ ಮೇಲೆ, ಗ್ರಾಫ್ಟಿಗೆ ತಾಗದಂತೆ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹತ್ತು ನಿಮಿಷ ಇಡಬಹುದು. ಬಗ್ಗಿ ಶೂ ಕಟ್ಟುವುದು, ಬಕೆಟ್ ಎತ್ತುವುದು ಬೇಡ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತ ಒಸರುವುದನ್ನು ಹೆಚ್ಚಿಸುತ್ತವೆ, ವೈದ್ಯರು ಬರೆಯದೆ ನುಂಗಬೇಡಿ. ಸಿಗರೇಟು ರಕ್ತನಾಳಗಳನ್ನು ಸಂಕುಚಿಸಿ ಗ್ರಾಫ್ಟಿಗೆ ರಕ್ತ ತಲುಪದಂತೆ ಮಾಡುತ್ತದೆ, ಕನಿಷ್ಠ ಎರಡು ವಾರ ಮುಟ್ಟಬಾರದು. ಚಾಯ್ ಅಂಗಡಿಯ ಮುಂದೆ ನಿಲ್ಲುವ ಗೆಳೆಯರಿಗೆ ಮೊದಲೇ ಹೇಳಿಬಿಡಿ.

ನೋವು ದಿನಕಳೆದಂತೆ ಇಳಿಯಬೇಕು. ಮೂರು ದಿನದ ಮೇಲೆ ಏರಿದರೆ, ಜ್ವರ ಬಂದರೆ, ಕೀವು ಕಂಡರೆ, ಚರ್ಮ ಕಪ್ಪಾಗುತ್ತಾ ಹೋದರೆ ಅದೇ ದಿನ ವೈದ್ಯರಿಗೆ ತೋರಿಸಿ. ಗ್ರಾಫ್ಟ್ ಕಿತ್ತ ಜಾಗದಲ್ಲಿ ರಕ್ತ ಬಂದರೆ ಶುಚಿಯಾದ ಗಾಜ್ ಬಟ್ಟೆಯನ್ನು ಉಜ್ಜದೆ ಕೆಲ ನಿಮಿಷ ಮೆಲ್ಲಗೆ ಒತ್ತಿ ಹಿಡಿದು, ಕ್ಲಿನಿಕ್‌ಗೆ ಫೋನ್ ಮಾಡಿ.

ತಲೆ ತೊಳೆಯುವುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಕೆಲವರು ಭಯದಿಂದ ತೊಳೆಯುವುದೇ ಇಲ್ಲ, ಇನ್ನು ಕೆಲವರು ಆತುರಪಟ್ಟು ಹಕ್ಕಳೆ ಕೀಳುತ್ತಾರೆ. ಮೊದಲ ತೊಳೆತ 48ರಿಂದ 72 ಗಂಟೆಯ ನಂತರ. ಬಹಳಷ್ಟು ಕ್ಲಿನಿಕ್‌ಗಳು ಅದನ್ನು ತಾವೇ ಮಾಡಿಕೊಡುತ್ತವೆ, ಹೋಗಿ ನೋಡಿ ಕಲಿಯುವುದು ಒಳ್ಳೆಯದು. ಮನೆಯಲ್ಲಾದರೆ ಮಗ್ಗಿನಲ್ಲಿ ಸೌಮ್ಯವಾದ ಶಾಂಪೂ ಕದಡಿ ನೊರೆ ಎಬ್ಬಿಸಿ, ನೊರೆಯನ್ನಷ್ಟೇ ಕಸಿಯ ಜಾಗದ ಮೇಲೆ ಇಟ್ಟು, ಐದು ನಿಮಿಷ ಬಿಟ್ಟು, ಉಗುರು ಬೆಚ್ಚಗಿನ ನೀರನ್ನು ಮಗ್ಗಿನಿಂದ ಹತ್ತಿರದಿಂದ ಸುರಿಯಿರಿ. ಶವರ್ ಬೇಡ, ಉಜ್ಜುವುದು ಬೇಡ. ಹಿಂದಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ತೊಳೆಯಬಹುದು. ಕಸಿಯ ಜಾಗಕ್ಕೆ ಟವೆಲ್ ತಾಗಿಸದೆ ಹಾಗೇ ಆರಲು ಬಿಡಿ.

ಇಲ್ಲಿ ನೀರಿನ ಮಾತು ಬಂತು. ನಗರದ ಹೊರವಲಯದಲ್ಲಿ ಕಾವೇರಿ ಸಂಪರ್ಕವಿಲ್ಲದ ಎಷ್ಟೋ ಬಡಾವಣೆಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಗಡಸು ನೀರಿನಲ್ಲಿ ನೊರೆ ಸರಿಯಾಗಿ ಬರುವುದಿಲ್ಲ, ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ. ತುರಿಸಿದರೆ ಮುಗಿಯಿತು. ಮೊದಲ ಎರಡು ವಾರ ತಲೆಗೆ ಮಾತ್ರ ಕ್ಯಾನ್ ನೀರು ಬಳಸಿ, ಒಂದು ತೊಳೆತಕ್ಕೆ ಎರಡು ಮೂರು ಲೀಟರ್ ಸಾಕು.

ಏಳೆಂಟನೇ ದಿನದಿಂದ ಹಕ್ಕಳೆ ಬಿಡಿಸಬೇಕು. ನೊರೆಯಲ್ಲಿ 15 ನಿಮಿಷ ನೆನೆಸಿ, ಬೆರಳ ತುದಿಯಿಂದ ಸಣ್ಣ ವೃತ್ತದಂತೆ ಮೆಲ್ಲಗೆ ತಿರುವಿ. ಒಂದೇ ದಿನ ಎಲ್ಲ ಹೋಗುವುದಿಲ್ಲ, 14ನೇ ದಿನದೊಳಗೆ ಹೋದರೆ ಸರಿ. ಹಕ್ಕಳೆಯ ಜೊತೆ ಚಿಕ್ಕ ಕೂದಲೂ ಬರುತ್ತದೆ. ತುದಿಯಲ್ಲಿ ಬಿಳಿ ಚುಕ್ಕೆಯಿದ್ದರೂ ರಕ್ತ ಬಾರದಿದ್ದರೆ ಬುಡ ಒಳಗೇ ಇದೆ.

ಹೆಲ್ಮೆಟ್ ಕನಿಷ್ಠ ಎರಡು ವಾರ ಬೇಡ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕುವಾಗ ಒಳಗಿನ ಸ್ಪಂಜು ಸರಿಯಾಗಿ ಮುಂದಲೆಯನ್ನೇ ಎಳೆದುಕೊಂಡು ಇಳಿಯುತ್ತದೆ. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವಂತೆಯೂ ಇಲ್ಲ, ಹಿಂದೆ ಕೂರುವವರಿಗೂ ಅದು ಕಡ್ಡಾಯ. ಆದ್ದರಿಂದ ಆ ದಿನಗಳಿಗೆ ಮೆಟ್ರೋ, ಆಟೋ, ಇಲ್ಲವೇ ಮನೆಯಿಂದಲೇ ಕೆಲಸ. ಬೀದಿ ಧೂಳಿಗೆ ಸಡಿಲ ಟೋಪಿ ಬೇಕಾದರೆ ವೈದ್ಯರು ಒಪ್ಪಿದ ಮೇಲೆ, ಹಿಂದಿನಿಂದ ಮುಂದಕ್ಕೆ ಇಳಿಸಿ. ಬೋಳಿಸಿದ ತಲೆ ಕಂಡು "ತಿರುಪತಿಗೆ ಹೋಗಿದ್ರಾ?" ಎಂದು ಕೇಳುವವರಿಗೆ ಏನು ಹೇಳಬೇಕೆಂಬುದು ನಿಮ್ಮಿಷ್ಟ.

ನಡಿಗೆ ಒಂದು ವಾರದ ಮೇಲೆ, ಬಿಸಿಲೇರುವ ಮೊದಲು. ಜಿಮ್ಮಿನ ಭಾರ, ಈಜು ಒಂದು ತಿಂಗಳ ಮೇಲೆ. ನೇರ ಬಿಸಿಲಿಂದ ಮೊದಲ ತಿಂಗಳುಗಳಲ್ಲಿ ತಲೆಯನ್ನು ಕಾಪಾಡಿ. ತಂಪು ಗಾಳಿಯಿದೆಯೆಂದು ಬೆಂಗಳೂರಿನ ಬಿಸಿಲನ್ನು ನಂಬಬೇಡಿ. ಅಯ್ಯಪ್ಪ ಮಾಲೆ ಹಾಕುವವರು ತಲೆಯ ಮೇಲೆ ಇರುಮುಡಿ ಹೊರುವ ಕಾಲವನ್ನು ಲೆಕ್ಕ ಹಾಕಿ ಸರ್ಜರಿಯ ದಿನ ಗೊತ್ತುಮಾಡಿ. ಮನೆಯಲ್ಲಿ ಅಮ್ಮ ಹರಳೆಣ್ಣೆ ಹಚ್ಚಲು ಬಂದರೆ ಹಕ್ಕಳೆ ಹೋಗಿ ಗಾಯ ಪೂರ್ತಿ ಮಾಯುವವರೆಗೆ ತಡೆಯಿರಿ. ತರಿತರಿಯಾದ ಸೀಗೆಪುಡಿಯೂ ಅಲ್ಲಿಯವರೆಗೆ ಬೇಡ.

ಎರಡರಿಂದ ಎಂಟು ವಾರದ ನಡುವೆ ನೆಟ್ಟ ಕೂದಲು ಬಹುಪಾಲು ಉದುರುತ್ತದೆ. ಬುಡ ವಿಶ್ರಾಂತಿಗೆ ಹೋಗಿ ಹಳೆಯ ಎಳೆಯನ್ನು ಬಿಟ್ಟುಬಿಡುತ್ತದೆ, ಸುತ್ತಲಿನ ಸ್ವಂತ ಕೂದಲೂ ಸ್ವಲ್ಪ ಉದುರಬಹುದು. ಮೂರನೇ ತಿಂಗಳಲ್ಲಿ ತಲೆ ಸರ್ಜರಿಗೆ ಮುಂಚಿನದಕ್ಕಿಂತ ತೆಳುವಾಗಿ ಕಂಡರೂ ಕಸಿ ಸೋತಿದೆ ಎಂದಲ್ಲ. ಈ ತಿಂಗಳುಗಳಲ್ಲಿ ಹುಡುಗರು ಕನ್ನಡಿ ನೋಡಿ ತುಂಬಾ ಕುಗ್ಗುತ್ತಾರೆ. ಮೊದಲೇ ಗೊತ್ತಿದ್ದರೆ ತಡೆದುಕೊಳ್ಳಬಹುದು. ಮೂರು ನಾಲ್ಕನೇ ತಿಂಗಳಿಂದ ಹೊಸ ಕೂದಲು ತೆಳ್ಳಗೆ, ಕೆಲವೊಮ್ಮೆ ಗುಂಗುರಾಗಿ ಹೊರಡುತ್ತದೆ. ಚರ್ಮ ಸೀಳಿ ಬರುವಾಗ ಮೊಡವೆಯಂಥ ಗುಳ್ಳೆಗಳೇಳುತ್ತವೆ, ಹಿಸುಕದೆ ಬಿಸಿ ಬಟ್ಟೆಯ ಶಾಖ ಕೊಡಿ. ಗುಂಪಾಗಿ ಎದ್ದರೆ ವೈದ್ಯರಿಗೆ ತೋರಿಸಿ. ಹಿಂದಲೆಯ ಜೋಮು ಕೆಲವು ತಿಂಗಳು ಇರಬಹುದು.

ಇಪ್ಪತ್ತರ ಹರೆಯದವರಿಗೆ ಇನ್ನೂ ಮುಖ್ಯವಾದದ್ದು ಔಷಧಿ. ನೆಟ್ಟ ಕೂದಲು ನಿಲ್ಲುತ್ತದೆ, ಅದರ ಹಿಂದಿನ ಸ್ವಂತ ಕೂದಲು ಬುಡವನ್ನು ಸೊರಗಿಸುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಸಿಕ್ಕಿ ಉದುರುತ್ತಲೇ ಇರುತ್ತದೆ. ತಡೆಯದಿದ್ದರೆ ಕೆಲ ವರ್ಷಕ್ಕೆ ಮುಂದೆ ಕೂದಲು, ನಡುವೆ ಬಯಲು. ಮಿನಾಕ್ಸಿಡಿಲ್ (ತಲೆಗೆ ಹಚ್ಚುವ ಔಷಧಿ) ಹಕ್ಕಳೆ ಹೋದ ಮೇಲೆ ವೈದ್ಯರು ಹೇಳಿದ ದಿನದಿಂದ ಮತ್ತೆ ಶುರು, ಮೊದಲೇ ಹಚ್ಚಿದರೆ ಅದರ ಆಲ್ಕೋಹಾಲ್ ಉರಿಸುತ್ತದೆ. ಡಿಎಚ್‌ಟಿ ತಗ್ಗಿಸುವ ಮಾತ್ರೆ, ದಿನಕ್ಕೆ 1 ಮಿ.ಗ್ರಾಂ ಫಿನಾಸ್ಟೆರೈಡ್ ಬಗ್ಗೆ, ಕೆಲವರಲ್ಲಿ ಕಾಣುವ ಲೈಂಗಿಕ ಅಡ್ಡಪರಿಣಾಮ ಮತ್ತು ಮನಸ್ಸು ಕುಗ್ಗುವ ತೊಂದರೆಯ ಸಮೇತ, ವೈದ್ಯರೊಡನೆ ಬಿಚ್ಚಿ ಮಾತಾಡಿ. ಅದನ್ನು ನುಂಗುತ್ತಿರುವಾಗ ರಕ್ತದಾನ ಮಾಡುವಂತಿಲ್ಲ.

ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಲ್ಲಿ, ಒಣ ತಲೆಯದ್ದೊಂದು, ಒದ್ದೆ ತಲೆಯದ್ದೊಂದು ಫೋಟೋ ತೆಗೆದಿಡಿ. ಮುಂದಲೆಯ ಫಲಿತಾಂಶಕ್ಕೆ 12 ತಿಂಗಳು, ಸುಳಿಯ ಜಾಗಕ್ಕೆ 18 ತಿಂಗಳವರೆಗೂ ಬೇಕು. ಹಿಂದಲೆಯಿಂದ ತೆಗೆದ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲವಾದ್ದರಿಂದ, ಎರಡನೇ ಸಲ ಮಾಡಿಸಬೇಕೇ ಎಂಬುದನ್ನು ಆ ಫೋಟೋಗಳನ್ನು ಮುಂದಿಟ್ಟುಕೊಂಡೇ ವೈದ್ಯರ ಜೊತೆ ನಿರ್ಧರಿಸಿ.